ಋತುಬಂಧ ಮತ್ತು ಸ್ತ್ರೀ ಕಾಮಾಸಕ್ತಿ: ಚಿಕಿತ್ಸೆಯ ಇತಿಹಾಸ

ಮುಟ್ಟು ನಿಲ್ಲುವ ವಯಸ್ಸಿನಲ್ಲಿ ಹೆಣ್ಣಿನ ಕಾಮಾಸಕ್ತಿಯಲ್ಲೂ ಲೈಂಗಿಕ ಆರೋಗ್ಯದಲ್ಲೂ ಆಗುವ ಏರುಪೇರಿಗೆ ಆಧುನಿಕ ವೈದ್ಯರು ಮದ್ದು ಹುಡುಕಿದ ಚರಿತ್ರೆ ಬಹುಮಟ್ಟಿಗೆ ಇಪ್ಪತ್ತನೆಯ ಶತಮಾನದ್ದು. 1942ರಲ್ಲಿ ಅಮೆರಿಕದಲ್ಲಿ ಪ್ರೆಮರಿನ್ ಮಾತ್ರೆಗೆ ಅನುಮತಿ ಸಿಕ್ಕಿತು. ಗಬ್ಬದ ಕುದುರೆಗಳ ಮೂತ್ರದಿಂದ ತೆಗೆದ ಈಸ್ಟ್ರೊಜೆನ್ ಅದರಲ್ಲಿತ್ತು. 1966ರಲ್ಲಿ ನ್ಯೂಯಾರ್ಕಿನ ಸ್ತ್ರೀರೋಗತಜ್ಞ ರಾಬರ್ಟ್ ವಿಲ್ಸನ್ ‘ಫೆಮಿನಿನ್ ಫಾರೆವರ್’ ಪುಸ್ತಕದಲ್ಲಿ ಋತುಬಂಧವನ್ನು ಹಾರ್ಮೋನ್ ಕೊರತೆಯ ಕಾಯಿಲೆಯೆಂದೇ ಸಾರಿದ. ಬದುಕಿನ ಸಹಜ ಘಟ್ಟವೊಂದಕ್ಕೆ ರೋಗದ ಹಣೆಪಟ್ಟಿ ಹಚ್ಚಿದ್ದು ಅನ್ಯಾಯವೇ ಸರಿ. ಆದರೂ ಮಾತ್ರೆಯ ಬಳಕೆ ಏರುತ್ತಲೇ ಹೋಯಿತು. ಬರೀ ಈಸ್ಟ್ರೊಜೆನ್ ಸೇವನೆಗೂ ಗರ್ಭಕೋಶದ ಒಳಪದರದ ಕ್ಯಾನ್ಸರ್‌ಗೂ ನಂಟಿದೆಯೆಂದು 1975ರಲ್ಲಿ ತಿಳಿದ ಮೇಲೆ, ಗರ್ಭಕೋಶ ಇರುವವರಿಗೆ ಪ್ರೊಜೆಸ್ಟೋಜೆನ್ ಎಂಬ ಇನ್ನೊಂದು ಹಾರ್ಮೋನನ್ನೂ ಸೇರಿಸಿ ಕೊಡುವ ರೂಢಿ ಬಂತು.

ದೊಡ್ಡ ಪೆಟ್ಟು ಬಿದ್ದದ್ದು 2002ರ ಜುಲೈನಲ್ಲಿ. ‘ವಿಮೆನ್ಸ್ ಹೆಲ್ತ್ ಇನಿಶಿಯೇಟಿವ್’ ಎಂಬ ಅಮೆರಿಕದ ಅಧ್ಯಯನ, 16,608 ಮಹಿಳೆಯರ ಮೇಲೆ ನಡೆಸುತ್ತಿದ್ದ ಜಂಟಿ ಹಾರ್ಮೋನ್ ಪ್ರಯೋಗವನ್ನು ಅರ್ಧಕ್ಕೇ ನಿಲ್ಲಿಸಿತು. ಸ್ತನ ಕ್ಯಾನ್ಸರ್, ಪಾರ್ಶ್ವವಾಯು, ರಕ್ತ ಹೆಪ್ಪುಗಟ್ಟುವಿಕೆ ಹೆಚ್ಚಿದ್ದು ಕಂಡುಬಂದಿತ್ತು. ಆ ಮಹಿಳೆಯರ ಸರಾಸರಿ ವಯಸ್ಸು 63 ಎಂಬುದನ್ನು ಯಾರೂ ಅಷ್ಟಾಗಿ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಐವತ್ತರ ಆಸುಪಾಸಿನವರೂ ಹೆದರಿ ಚಿಕಿತ್ಸೆ ಬಿಟ್ಟರು.

ಆ ಭಯದಲ್ಲಿ ಸರಳ ಪರಿಹಾರವೂ ಕೈತಪ್ಪಿತು. ಈಸ್ಟ್ರೊಜೆನ್ ಇಳಿದಾಗ ಯೋನಿಯ ಒಳಪದರ ತೆಳುವಾಗಿ ಒಣಗುತ್ತದೆ, ಕೂಡುವಾಗ ಉರಿ, ನೋವು, ಕೆಲವೊಮ್ಮೆ ರಕ್ತ. ಮತ್ತೆ ನೋಯುತ್ತದೆಂಬ ಅಳುಕಿಗೇ ಆಸೆ ಹಿಂದೆ ಸರಿಯುತ್ತದೆ. ಮೈ ಬಿಸಿಯೇರುವ ತೊಂದರೆ ಸಾಮಾನ್ಯವಾಗಿ ವರ್ಷಗಳು ಕಳೆದಂತೆ ತಗ್ಗುತ್ತದೆ. ಆದರೆ ಯೋನಿಯ ಈ ಒಣಗುವಿಕೆ ತಾನಾಗಿ ತಗ್ಗುವುದು ಅಪರೂಪ. ಅಲ್ಲಿಗಷ್ಟೇ ಹಚ್ಚುವ ಕಡಿಮೆ ಪ್ರಮಾಣದ ಈಸ್ಟ್ರೊಜೆನ್ ಕ್ರೀಮು ರಕ್ತಕ್ಕೆ ಸೇರುವುದು ಅತ್ಯಲ್ಪ, ಆದರೂ ಅದರ ಪೊಟ್ಟಣದ ಮೇಲೂ ಮಾತ್ರೆಯದೇ ಎಚ್ಚರಿಕೆ ಅಚ್ಚಾಗುತ್ತಿತ್ತು.

ಆಸೆಯ ಕುರಿತ ತಿಳಿವಳಿಕೆಯೂ ಬದಲಾಯಿತು. ಲೈಂಗಿಕತೆಯ ಸಂಶೋಧಕರಾದ ಮಾಸ್ಟರ್ಸ್ ಮತ್ತು ಜಾನ್ಸನ್ 1966ರಲ್ಲಿ ಕೊಟ್ಟ ಲೈಂಗಿಕ ಪ್ರತಿಕ್ರಿಯೆಯ ಕ್ರಮ ಉದ್ರೇಕದಿಂದ ಶುರುವಾಗುತ್ತಿತ್ತು. ಕೆನಡಾದ ವೈದ್ಯೆ ರೋಸ್‌ಮರಿ ಬ್ಯಾಸನ್ 2000ದಲ್ಲಿ ಮುಂದಿಟ್ಟ ಮಾದರಿಯ ಪ್ರಕಾರ, ದೀರ್ಘ ದಾಂಪತ್ಯದಲ್ಲಿ ಎಷ್ಟೋ ಬಾರಿ ಸಾಮೀಪ್ಯ, ಸ್ಪರ್ಶ ಮೊದಲು. ಆಸೆ ಆಮೇಲೆ ಮೂಡುತ್ತದೆ. ತಮ್ಮಲ್ಲೇ ಏನೋ ಐಬಿದೆಯೆಂದು ಕೊರಗುತ್ತಿದ್ದ ಹೆಂಗಸರಿಗೆ ಯಾವ ಮಾತ್ರೆಗಿಂತಲೂ ದೊಡ್ಡ ಸಮಾಧಾನವಿದು.

ಖಿನ್ನತೆಗೆಂದು ಹುಟ್ಟಿದ ಫ್ಲಿಬ್ಯಾನ್ಸರಿನ್ ಮಾತ್ರೆಗೆ, ಆಸೆ ಕುಗ್ಗಿದವರ ಮದ್ದಾಗಿ, 2015ರಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟಿತು, ಅದೂ ಆಗ ಮುಟ್ಟು ನಿಲ್ಲದವರಿಗೆ ಮಾತ್ರ, ಗುಣವೂ ಅಷ್ಟಕ್ಕಷ್ಟೇ. ಋತುಬಂಧದ ನಂತರ ಆಸಕ್ತಿ ಕುಗ್ಗಿ ಸಂಕಟಪಡುವವರಿಗೆ ಟೆಸ್ಟೊಸ್ಟೆರಾನ್ ನೆರವಾಗುತ್ತದೆಂದು 2019ರಲ್ಲಿ ಹಲವು ಅಂತಾರಾಷ್ಟ್ರೀಯ ವೈದ್ಯಸಂಘಗಳು ಒಮ್ಮತಕ್ಕೆ ಬಂದವು. ಹೆಚ್ಚಿನ ದೇಶಗಳಲ್ಲಿ ಹೆಂಗಸರ ಅಳತೆಯ ಔಷಧವೇ ಇಲ್ಲದ್ದರಿಂದ, ಗಂಡಸರಿಗೆಂದು ತಯಾರಾದ ಜೆಲ್ಲನ್ನೇ ವೈದ್ಯರು ತೀರ ಸಣ್ಣ ಪ್ರಮಾಣದಲ್ಲಿ ಬರೆದುಕೊಡುತ್ತಾರೆ.