ಭಾರ ಹಾಕುವುದು

ಐಸಿಯು ಬಾಗಿಲಲ್ಲಿ ನಿಂತ ಡಾಕ್ಟರು ‘ಇನ್ನು ದೇವರ ಮೇಲೆ ಭಾರ ಹಾಕಿ’ ಅಂದರೆ ಊರಿಗೆ ಫೋನು ಹೋಗುತ್ತದೆ. ದೂರದಲ್ಲಿರುವ ಮಗನಿಗೆ ತಿಳಿಸಿ, ರಾತ್ರಿ ಬಸ್ಸಿಗೇ ಹೊರಡಲಿ ಎಂದು. ಧೈರ್ಯ ತುಂಬಬೇಕಾದ ಮಾತು ಹೀಗೆ ಎದೆ ಒಡೆಸುವ ಮಾತಾಗಿದೆ. ಔಷಧಿ, ದುಡ್ಡು, ವಶೀಲಿ ಎಲ್ಲ ಮುಗಿದ ಮೇಲೆ ಉಳಿಯುವ ಕೊನೆಯ ಕೌಂಟರು ದೇವರದ್ದು.

ನಮ್ಮ ಬೀದಿಯಲ್ಲಿ ಒಬ್ಬರು ಮಾತ್ರ ಇದನ್ನು ಬೆಳಗಿನ ಆರು ಗಂಟೆಗೇ ಹೇಳುತ್ತಾರೆ. ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದು ನಿವೃತ್ತರಾದವರು, ಬೀದಿಗೆಲ್ಲ ಸಿಸ್ಟರಮ್ಮ. ಹಾಲಿನ ಪ್ಯಾಕೆಟ್ ಎತ್ತಿಕೊಳ್ಳುತ್ತ ಒಂದು ದಿನ ‘ಇವತ್ತಿನ ಭಾರ ಹಾಕಿಬಿಟ್ಟೆ ಕಣಪ್ಪ’ ಅಂದರು. ನಾನು ಗಾಬರಿಯಾಗಿ, ‘ಏನಾಯ್ತು ಸಿಸ್ಟರಮ್ಮ?’ ಅಂದೆ. ‘ಏನೂ ಆಗಿಲ್ಲ. ಅದಕ್ಕೇ ಈಗ್ಲೇ ಹಾಕೋದು. ಆದ್ಮೇಲೆ ಕೈ ನಡುಗುತ್ತೆ.’

ಅವತ್ತಿನಿಂದ ಈ ‘ಭಾರ’ ನನ್ನ ತಲೆಯ ಮೇಲೆ ಕೂತಿದೆ. ಕನ್ನಡದಲ್ಲಿ ಅದು ಹೊರದ ಕೆಲಸವಿಲ್ಲ. ಮನಸ್ಸು ಭಾರ, ತಲೆ ಭಾರ. ಮಗಳ ಮದುವೆ ಮುಗಿಸಿದವನು ಭಾರ ಇಳಿಯಿತು ಎಂದು ಉಸಿರು ಬಿಡುತ್ತಾನೆ (ಮಗಳು ಕೇಳಿಸಿಕೊಂಡರೆ ಏನನ್ನುತ್ತಾಳೋ). ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಅದು ಋಣಭಾರ ಪತ್ರ, ಶಾಲೆಯಲ್ಲಿ ಪ್ರಭಾರ ಮುಖ್ಯೋಪಾಧ್ಯಾಯ, ದೇವಸ್ಥಾನದಲ್ಲಿ ತುಲಾಭಾರ. ವಂದನಾರ್ಪಣೆಯಲ್ಲಿ ನಾವೆಲ್ಲ ‘ಆಭಾರಿ’ಗಳು, ಉಪಕಾರಕ್ಕೂ ತೂಕವಿದೆ ಎಂದು ಆ ಪದಕ್ಕೆ ಗೊತ್ತು. ‘ಒತ್ತಡ’ ಪತ್ರಿಕೆಯವರ ಮಾತು, ‘ಟೆನ್ಷನ್’ ಎಲ್ಲರ ಮಾತು. ಅವೆರಡೂ ಬರುವ ಮೊದಲು ಆ ಸಂಕಟವನ್ನೆಲ್ಲ ಹೊತ್ತದ್ದು ಭಾರವೇ.

ಸಿಸ್ಟರಮ್ಮನ ಭಾರ ಬಂದದ್ದು ಬೈಬಲಿನ 55ನೇ ಕೀರ್ತನೆಯಲ್ಲಿ ದೇವರ ಮೇಲೆ ಭಾರ ಹಾಕು ಎನ್ನುವ ಸಾಲಿನಿಂದ. ಅಲ್ಲಿ ಭಾರಕ್ಕಿರುವ ಹೀಬ್ರೂ ಪದ ‘ಯೆಹಾವ್’. ಇಡೀ ಹೀಬ್ರೂ ಬೈಬಲಿನಲ್ಲಿ ಅದು ಕಾಣಿಸಿಕೊಳ್ಳುವುದು ಅದೊಂದೇ ಸಲ. ಹಾಗಾಗಿ ಅರ್ಥಕ್ಕೆ ವಿದ್ವಾಂಸರ ಜಗಳ. ಕೊಡು ಎಂಬ ಧಾತುವಿಗೆ ಹತ್ತಿರ ಎಂಬ ಊಹೆಯ ಮೇಲೆ ‘ಕೊಡಲ್ಪಟ್ಟದ್ದು, ಪಾಲಿಗೆ ಬಂದದ್ದು’ ಎನ್ನುವವರಿದ್ದಾರೆ. ಪಾಲಿಗೆ ಬಂದದ್ದು ಪಂಚಾಮೃತ ಎಂದು ನಾವು ಬಾಯಿ ಮುಚ್ಚಿಕೊಂಡು ಕುಡಿಯುತ್ತೇವೆ. ಕೀರ್ತನೆಕಾರ ಅದನ್ನೇ ಕೊಟ್ಟವನ ಮೇಲೆ ತಿರುಗಿ ಹಾಕು ಅನ್ನುತ್ತಾನೆ. ಯೇಸುವಿಗೂ ಮುಂಚೆ ಯೆಹೂದಿಗಳು ಮಾಡಿಕೊಂಡ ಗ್ರೀಕ್ ಅನುವಾದದಲ್ಲಿ ಆ ಪದ ‘ಮೆರಿಮ್ನಾ’ ಆಯಿತು, ಅಂದರೆ ಚಿಂತೆ. ಇಂದಿನ ಟರ್ಕಿಯ ಸೀಮೆಗಳಲ್ಲಿ ಚದುರಿಹೋಗಿ ನೆರೆಯವರ ಹಗೆಯಲ್ಲಿ ಬದುಕುತ್ತಿದ್ದ ಕ್ರೈಸ್ತರಿಗೆ ಪೇತ್ರನ ಹೆಸರಿನಲ್ಲಿ ಹೋದ ಮೊದಲ ಪತ್ರ ಆ ಸಾಲನ್ನೇ ಎತ್ತಿಕೊಂಡಿತು. ಅಲ್ಲಿ ‘ಹಾಕು’ ಎಂಬುದಕ್ಕಿರುವ ಗ್ರೀಕ್ ಕ್ರಿಯಾಪದ ಹೊಸ ಒಡಂಬಡಿಕೆಯಲ್ಲಿ ಇನ್ನೊಂದೇ ಕಡೆ ಸಿಗುತ್ತದೆ: ಲೂಕನ ಸುವಾರ್ತೆಯಲ್ಲಿ, ಯೇಸು ಕೂರಲೆಂದು ಶಿಷ್ಯರು ಕತ್ತೆಮರಿಯ ಬೆನ್ನಿಗೆ ತಮ್ಮ ಬಟ್ಟೆ ಹಾಕುವಾಗ. ಹೆಗಲ ವಸ್ತ್ರ ತೆಗೆದು ಎಸೆದಂತೆ ಚಿಂತೆ ಎಸೆಯುವುದು. ಕತ್ತೆಗೆ ಅದರಿಂದ ಹೆಚ್ಚೇನೂ ಭಾರವಾಗಿರಲಿಕ್ಕಿಲ್ಲ.

ನಮ್ಮ ‘ಹಾಕು’ವೂ ಸಾಮಾನ್ಯದ್ದಲ್ಲ. ಬೀಗ ಹಾಕುತ್ತೇವೆ, ಓಟು ಹಾಕುತ್ತೇವೆ, ಅರ್ಜಿ ಹಾಕುತ್ತೇವೆ. ನನ್ನಂಥವರ ಪ್ರಾರ್ಥನೆ ಹಳ್ಳ ಹಿಡಿಯುವುದು ಇಲ್ಲೇ. ಭಾರ ಹಾಕಿದೆ ಅಂದುಕೊಂಡು ಅರ್ಜಿ ಹಾಕಿರುತ್ತೇವೆ. ಮರುದಿನ ಬೆಳಿಗ್ಗೆ ಫೈಲು ಯಾವ ಟೇಬಲ್ಲಿಗೆ ಬಂತು ಎಂದು ವಿಚಾರಿಸಲು ಹೋಗುತ್ತೇವೆ.

ಭಾರ ಒಪ್ಪಿಸುವುದು ಕ್ರೈಸ್ತರ ಸ್ವಂತ ಆಸ್ತಿಯೇನಲ್ಲ. ಶ್ರೀವೈಷ್ಣವರು ಶರಣಾಗತಿಗೆ ‘ಭರನ್ಯಾಸ’ ಎಂದೇ ಹೆಸರಿಟ್ಟಿದ್ದಾರೆ. ಬಳ್ಳಾರಿಯಲ್ಲಿ ಕೂತು ಬೈಬಲನ್ನು ಕನ್ನಡಕ್ಕೆ ತಂದ ಜಾನ್ ಹ್ಯಾಂಡ್ಸ್‌ಗೆ ಈ ಜಾಗದಲ್ಲಿ ನುಡಿಗಟ್ಟಿಗಾಗಿ ತಿಣುಕಬೇಕಾದ ಕಷ್ಟ ಬಂದಿರಲಾರದು.

ಹಾಗಾದರೆ ಎಲ್ಲವನ್ನೂ ಹಾಕಿ ಕೈಕಟ್ಟಿ ಕೂರುವುದೇ? ಗಲಾತ್ಯದವರಿಗೆ ಬರೆದ ಪತ್ರದ ಆರನೇ ಅಧ್ಯಾಯದಲ್ಲಿ ಪೌಲ ಒಬ್ಬರ ಭಾರ ಇನ್ನೊಬ್ಬರು ಹೊರಬೇಕೆನ್ನುತ್ತಾನೆ. ಮೂರೇ ವಚನ ದಾಟಿ, ಅವರವರ ಹೊರೆ ಅವರವರೇ ಹೊರಬೇಕೆನ್ನುತ್ತಾನೆ. ಗ್ರೀಕಿನಲ್ಲಿ ಪದ ಎರಡು: ಮೊದಲನೆಯದು ‘ಬಾರೋಸ್’, ಎರಡನೆಯದು ‘ಫೋರ್ತಿಯೋನ್’. ಒಂದು ಅದುಮಿ ಹಾಕುವ ತೂಕ, ಇನ್ನೊಂದು ನಡೆಯುವವನ ಬೆನ್ನಿನ ಗಂಟು. ಕಿವಿಗೆ ಬಾರೋಸ್ ನಮ್ಮ ಭಾರದ ಅಣ್ಣನಂತೆ ಕೇಳಿಸಿದರೂ ಭಾಷಾಶಾಸ್ತ್ರದಲ್ಲಿ ನೆಂಟಸ್ತಿಕೆ ಅಡ್ಡಾದಿಡ್ಡಿ. ಬಾರೋಸ್‌ಗೆ ದಾಯಾದಿ ಸಂಸ್ಕೃತದ ‘ಗುರು’, ಲಘು-ಗುರು ಎನ್ನುವಾಗಿನ ಗುರು. ನಮ್ಮ ಭಾರದ ರಕ್ತಸಂಬಂಧಿ ಫೋರ್ತಿಯೋನ್. ಎರಡೂ ‘ಹೊರು’ ಎಂಬ ಒಂದೇ ಪ್ರಾಚೀನ ಧಾತುವಿನ ಮಕ್ಕಳು. ದಣಿದವರನ್ನು ಕರೆದು ಯೇಸು ತನ್ನ ಹೊರೆ ಹಗುರ ಅನ್ನುವಾಗಲೂ ಇರುವುದು ಇದೇ ಫೋರ್ತಿಯೋನ್. ಹೊರೆಯೇ ಇಲ್ಲ ಅನ್ನಲಿಲ್ಲ. ಜೊತೆಗೆ ನೊಗವನ್ನೂ ಕೊಟ್ಟ. ಪೇತ್ರನ ಪತ್ರವೂ ಹಾಗೇ: ಚಿಂತೆ ಹಾಕಿ ಅಂದ ಮುಂದಿನ ವಚನದಲ್ಲೇ ಎಚ್ಚರವಾಗಿರಿ, ಸಿಂಹ ತಿರುಗುತ್ತಿದೆ ಎನ್ನುತ್ತದೆ. ಅಲ್ಲಿ ನಿದ್ದೆಗೆ ಅವಕಾಶವಿಲ್ಲ.

ಹಳೆಯ ದಾರಿಗಳ ಪಕ್ಕ ಹೊರೆ ಇಳಿಸುವ ಕಲ್ಲುಗಳಿದ್ದವು. ಎರಡು ನಿಲುಗಲ್ಲು, ಮೇಲೊಂದು ಅಡ್ಡಗಲ್ಲು, ತಲೆಹೊರೆಯನ್ನು ಇನ್ನೊಬ್ಬರ ನೆರವಿಲ್ಲದೆ ಸರಿಸುವಷ್ಟು ಎತ್ತರ. ಕುತ್ತಿಗೆ ನೆಟ್ಟಗಾದ ಮೇಲೆ ಸೌದೆ ಮತ್ತೆ ತಲೆಗೇ ಏರುತ್ತಿತ್ತು.

ಒಂದು ಮಾತಿಗೆ ಮಾತ್ರ ನನಗೆ ಸಿಟ್ಟು ಬರುತ್ತದೆ. ತಿಂಗಳುಗಟ್ಟಲೆ ನಿದ್ದೆ ಇಲ್ಲದವರಿಗೆ, ಎದೆಬಡಿತಕ್ಕೆ ಮಾತ್ರೆ ನುಂಗುವವರಿಗೆ ‘ನಿಮಗೆ ವಿಶ್ವಾಸ ಸಾಲದು’ ಎಂದು ಹೇಳಿಬಿಡುವುದು. ಅಂಥವರು 55ನೇ ಕೀರ್ತನೆಯನ್ನು ಕೊನೆಯಿಂದ ಓದಿದವರು. ಅದರಲ್ಲಿ 23 ವಚನಗಳಿವೆ, ಭಾರ ಹಾಕುವ ಮಾತು ಬರುವುದು 22ನೆಯದರಲ್ಲಿ. ಅದಕ್ಕೆ ಮುಂಚೆ ಆ ಮನುಷ್ಯ ನಡುಗಿದ್ದಾನೆ, ಪಾರಿವಾಳದ ರೆಕ್ಕೆ ಬೇಡಿದ್ದಾನೆ, ಕೈಕೊಟ್ಟ ಗೆಳೆಯನಿಗೆ ಶಾಪ ಹಾಕಿದ್ದಾನೆ. ದೇವರು ನಡುವೆ ಬಾಯಿ ಹಾಕಿ ಸುಮ್ಮನಿರು ಅಂದದ್ದಿಲ್ಲ. ‘ಮಾತ್ರೆ ತಗೊಂಡೇ ಪ್ರಾರ್ಥನೆಗೆ ಕೂರು ಅಂತೀನಿ ನಾನು’ ಎನ್ನುತ್ತಾರೆ ಸಿಸ್ಟರಮ್ಮ. ನರ್ಸ್ ಅಲ್ಲವೇ.

ಮೊನ್ನೆ ಅವರ ಮೊಮ್ಮಗಳಿಗೆ ಎಸ್ಸೆಸ್ಸೆಲ್ಸಿ ಗಣಿತ. ಗೇಟಿನಲ್ಲಿ ಆಟೋ ಕಾಯುತ್ತಿತ್ತು. ಹುಡುಗಿಯ ತಲೆಯ ಮೇಲೆ ಕೈಯಿಟ್ಟು, ಕಣ್ಣು ಮುಚ್ಚಿ, ಆಮೆನ್ ಅಂದರು. ಕಣ್ಣು ತೆರೆದ ಉಸಿರಿನಲ್ಲೇ, ‘ಹಾಲ್ ಟಿಕೆಟ್?’

‘ಅಜ್ಜೀ, ಈಗಷ್ಟೇ ಭಾರ ಹಾಕಿದ್ಯಲ್ಲ!’

‘ಭಾರ ಹಾಕಿದ್ದೀನಿ, ಹಾಲ್ ಟಿಕೆಟ್ ಹಾಕಿಲ್ಲ. ಬ್ಯಾಗ್ ತೆಗಿ.’