ಅಪರಾಹ್ಣದ ನೃತ್ಯಗೋಷ್ಠಿ

ಇಂಗ್ಲೆಂಡಿನ ಸಿರಿವಂತರ ಮನೆಗಳಲ್ಲಿ ರಾತ್ರಿಯ ಭೋಜನವು ಮುಂದೆ ಮುಂದೆ ಸರಿದು, ಮಧ್ಯಾಹ್ನದ ಲಘೂಪಾಹಾರಕ್ಕೂ ಅದಕ್ಕೂ ನಡುವೆ ಹೊಟ್ಟೆ ತಾಳಲಾರದಷ್ಟು ಅಂತರವೇರ್ಪಟ್ಟ ಕಾಲದಲ್ಲಿ, ಎಂದರೆ 1840ರ ಸುಮಾರಿಗೆ, ಬೆಡ್‌ಫರ್ಡಿನ ಡಚೆಸ್ ಆನ್ನಾ ಸಂಜೆಗೆ ಮುನ್ನ ತನ್ನ ಕೊಠಡಿಗೆ ಚಹಾ ತರಿಸಿಕೊಂಡು, ಬರುಬರುತ್ತ ಗೆಳತಿಯರನ್ನೂ ಕರೆಯತೊಡಗಿದಳೆಂದು ಪ್ರತೀತಿ. ಹಸಿವಿನಿಂದ ಹುಟ್ಟಿದ ಈ ರೂಢಿಯು ದಿನದಲ್ಲಿ ಸ್ತ್ರೀಯರದೇ ಆದ ಒಂದು ವೇಳೆಯನ್ನು ಕಲ್ಪಿಸಿತು. ಎಪ್ಪತ್ತು ವರ್ಷಗಳ ತರುವಾಯ ಆ ವೇಳೆಯೊಳಕ್ಕೆ ನರ್ತನವು ಕಾಲಿಟ್ಟಾಗ ಅದಕ್ಕೆ ದೊರೆತ ಸ್ವರೂಪವೆಲ್ಲ ಈ ಪೂರ್ವಸಿದ್ಧತೆಯ ಫಲವೆಂದೇ ನನ್ನ ಎಣಿಕೆ.

ಆ ಕಾಲದಲ್ಲಿ ರಾತ್ರಿಯ ಬಾಲ್ ನೃತ್ಯದ ವಿಧಿಗಳು ಕಠಿನವಾಗಿದ್ದುವು. ಆಮಂತ್ರಣವಿಲ್ಲದೆ ಪ್ರವೇಶವಿರಲಿಲ್ಲ, ಅವಿವಾಹಿತೆಯಾದ ತರುಣಿ ತಾಯಿಯನ್ನೋ ಸೋದರತ್ತೆಯನ್ನೋ ಬೆಂಗಾವಲಿಗಿಟ್ಟುಕೊಳ್ಳದೆ ಬರುವಂತಿರಲಿಲ್ಲ, ಯಾವ ನೃತ್ಯಕ್ಕೆ ಯಾರು ಜೊತೆಯೆಂಬುದು ಪುಟ್ಟ ಚೀಟಿಯೊಂದರಲ್ಲಿ ಮೊದಲೇ ನಿಶ್ಚಿತವಾಗಿರುತ್ತಿತ್ತು. ಆದರೆ ಹಗಲಿನಲ್ಲಿ, ಹೋಟೆಲಿನಲ್ಲಿ, ಚಹಾದ ಬಟ್ಟಲುಗಳ ನಡುವೆ, ತಲೆಯ ಮೇಲಿನ ಟೋಪಿಯನ್ನು ಕೂಡ ತೆಗೆಯದೆ ಕುಣಿಯುವವಳನ್ನು ಆಕ್ಷೇಪಿಸುವುದಾದರೂ ಹೇಗೆ?

ಚಹಾದ ವೇಳೆಯೊಳಕ್ಕೆ ನರ್ತನವು ಕಾಲಿಟ್ಟ ಅದೇ ಸಮಯಕ್ಕೆ ಬ್ಯೂನಸ್ ಐರಿಸ್ ನಗರದ ಬಡ ಕೇರಿಗಳಲ್ಲಿ ಬೆಳೆದ ಟ್ಯಾಂಗೋ ನೃತ್ಯವು, ಪ್ಯಾರಿಸ್ಸಿನಲ್ಲಿ ಸಭ್ಯತೆಯ ಸಂಸ್ಕಾರ ಹೊಂದಿ ಲಂಡನ್ನಿಗೆ ಬಂದಿಳಿಯಿತು. 1913ರಲ್ಲಿ ‘ಟ್ಯಾಂಗೋ ಟೀ’ ಎಂಬುದು ನಗರಕ್ಕೆ ಹಿಡಿದ ಹುಚ್ಚಾಯಿತು. ವಾಲ್ಡಾರ್ಫ್ ಹೋಟೆಲಿನ ಪಾಮ್ ಕೋರ್ಟಿನಲ್ಲಿ ಅದು ನಡೆಯಿತು. ಕ್ವೀನ್ಸ್ ಥಿಯೇಟರಿನಲ್ಲಿಯಂತೂ ನೃತ್ಯಪ್ರದರ್ಶನದೊಡನೆ ಹೊಸ ಉಡುಪುಗಳ ಮೆರವಣಿಗೆಯನ್ನೂ ನೋಡುತ್ತ ಪ್ರೇಕ್ಷಕರು ಚಹಾ ಕುಡಿದರು. ಗ್ಲ್ಯಾಡಿಸ್ ಕ್ರೋಜಿಯರ್ ಎಂಬಾಕೆ ಈ ನೃತ್ಯದ ಕೈಪಿಡಿಯೊಂದನ್ನು ಅದೇ ವರ್ಷ ಪ್ರಕಟಿಸಿದಳು. ಇತ್ತ ಜರ್ಮನಿಯ ಕೈಸರನು ಸಮವಸ್ತ್ರ ಧರಿಸಿದ ತನ್ನ ಅಧಿಕಾರಿಗಳು ಟ್ಯಾಂಗೋ ಆಡಕೂಡದೆಂದು ಆಜ್ಞೆಯಿತ್ತನು. ಇದಕ್ಕಿಂತ ಮಿಗಿಲಾದ ಪ್ರಚಾರವನ್ನು ಯಾವ ಹೋಟೆಲಿನವನೂ ಮಾಡಲಾರನು.

ನ್ಯೂಯಾರ್ಕಿನಲ್ಲಿ ನರ್ತಕರಾದ ವರ್ನನ್ ಮತ್ತು ಐರೀನ್ ಕ್ಯಾಸಲ್ ದಂಪತಿಗಳು 1913ರ ಕೊನೆಗೆ ಕ್ಯಾಸಲ್ ಹೌಸ್ ಎಂಬ ನೃತ್ಯಶಾಲೆಯನ್ನು ತೆರೆದು, ಧನಿಕ ಕುಟುಂಬಗಳ ಸ್ತ್ರೀಯರ ಆಶ್ರಯದಲ್ಲಿ ಅಪರಾಹ್ಣದ ನೃತ್ಯಕ್ಕೆ ಮರ್ಯಾದೆಯ ಮುದ್ರೆಯೊತ್ತಿದರು. ಅವರ ಹೆಜ್ಜೆಗಳಿಗೆ ವಾದ್ಯ ನುಡಿಸಿದವರು ಜೇಮ್ಸ್ ರೀಸ್ ಯೂರೋಪನ ಕಪ್ಪುವರ್ಣೀಯರ ವಾದ್ಯವೃಂದದವರು. ನುಡಿಸಲು ಬರಬಹುದಾದ ಸಭಾಂಗಣಕ್ಕೆ ಕುಣಿಯಲು ಬರಬಾರದೆಂಬುದು ಆ ಕಾಲದ ನ್ಯಾಯ!

ಮೊದಲನೆಯ ಮಹಾಯುದ್ಧಾನಂತರ ಈ ವಿನೋದವು ಅರಮನೆಯ ಅಂಚಿನಿಂದ ಅಂಗಡಿಯ ಹುಡುಗಿಯವರೆಗೆ ಇಳಿಯಿತು, ಏರಿತೆನ್ನುವುದೇ ಯುಕ್ತವೇನೋ. 1919ರಲ್ಲಿ ಲಂಡನ್ನಿನಲ್ಲಿ ತೆರೆದ ನೃತ್ಯಾಲಯವಾದ ಹ್ಯಾಮರ್‌ಸ್ಮಿತ್ ಪ್ಯಾಲೇಯಲ್ಲಿ ಜೊತೆಯಿಲ್ಲದೆ ಬಂದವರು ಆರು ಪೆನ್ಸ್ ತೆತ್ತರೆ, ಕಟಕಟೆಯೊಳಗೆ ಕಾದು ಕುಳಿತ ಕೂಲಿಯ ಜೊತೆಗಾರರೊಬ್ಬರು ಎದ್ದು ಬಂದು ಒಂದು ನೃತ್ಯ ಕುಣಿಯುತ್ತಿದ್ದರು. ಇಂಗ್ಲೆಂಡಿನ ಉತ್ತರದ ಗಿರಣಿ ಕಾರ್ಮಿಕರು ರಜೆ ಕಳೆಯುತ್ತಿದ್ದ ಬ್ಲ್ಯಾಕ್‌ಪೂಲಿನ ಟವರ್ ಬಾಲ್‌ರೂಮು, ವಾಸ್ತುಶಿಲ್ಪಿ ಫ್ರ್ಯಾಂಕ್ ಮ್ಯಾಚಮನ ಕೈಯಲ್ಲಿ 1899ರಲ್ಲಿ ಸುವರ್ಣಾಲಂಕೃತವಾಗಿ ಸಿದ್ಧವಾದುದು. ಸ್ತ್ರೀಯ ಜೊತೆಯಿಲ್ಲದೆ ಪುರುಷನು ಕುಣಿಯಬಾರದೆಂಬ ಕಟ್ಟಳೆ ಅಲ್ಲಿತ್ತು. 1930ರಿಂದ ನಲವತ್ತು ವರ್ಷ ಅಲ್ಲಿ ವರ್ಲಿಟ್ಸರ್ ಆರ್ಗನ್ ನುಡಿಸಿದವನು ರೆಜಿನಾಲ್ಡ್ ಡಿಕ್ಸನ್. ಟ್ಯಾಂಗೋ ಕೂಡದೆಂದ ಕೈಸರನ ಸಿಂಹಾಸನವು ಆ ಆಜ್ಞೆಯ ಐದೇ ವರ್ಷದಲ್ಲಿ ಉರುಳಿತು. ಬ್ಲ್ಯಾಕ್‌ಪೂಲಿನಲ್ಲಿ ವರ್ಲಿಟ್ಸರ್ ನಾದಕ್ಕೆ ವೃದ್ಧ ದಂಪತಿಗಳು ಇಂದಿಗೂ ಹಗಲಿನಲ್ಲಿ ಕುಣಿಯುತ್ತಾರೆ.