ಹೇರೆತ್ತುಗಳ ಕಾಲದಿಂದ ಹಕ್ಕುಪತ್ರದವರೆಗೆ

ಬಂಜಾರರು ಸಂತ ಸೇವಾಲಾಲರ ಜನ್ಮಸ್ಥಳವೆಂದು ಆರಾಧಿಸುವ ಸೂರಗೊಂಡನಕೊಪ್ಪಕ್ಕೆ ಫೆಬ್ರುವರಿಯಲ್ಲಿ ತಾಂಡಾಗಳ ಜನ ಹರಿದುಬರುತ್ತಾರೆ. ಜಾತ್ರೆಯಲ್ಲಿ ವಾಹನ ನಿಲ್ಲಿಸಲು ಜಾಗವಿಲ್ಲವೆಂಬ ಗೊಣಗಾಟ ಜಾತ್ರೆಯೊಂದಿಗೇ ಮುಗಿಯುತ್ತದೆ. ಮನೆ ಕಟ್ಟಿಕೊಂಡ ನೆಲಕ್ಕೆ ಹಕ್ಕುಪತ್ರವಿಲ್ಲವೆಂಬ ತಾಂಡಾಗಳ ದೂರು ಮಾತ್ರ ತಲೆಮಾರುಗಳದ್ದು. ಅಲೆಮಾರಿಗಳಿಗೆ ನೆಲದ ಹಂಬಲವೇ ಇರಲಿಲ್ಲ ಎನ್ನುವವರುಂಟು. ಆದರೆ ಆ ಅಲೆದಾಟ ಚಟವಲ್ಲ, ಕಸುಬು: ಹೇರೆತ್ತುಗಳ ಮೇಲೆ ದವಸ, ಉಪ್ಪು ಹೊತ್ತು ಸಂತೆಗಳಿಗೂ ಸೈನ್ಯಗಳಿಗೂ ಒದಗಿಸುತ್ತಿದ್ದವರು ಇವರೇ. ರಸ್ತೆ, ರೈಲು ಬಂದು ಆ ಕಸುಬು ಕುಸಿಯಿತು. 1871ರ ಅಪರಾಧಿ ಬುಡಕಟ್ಟು ಕಾಯ್ದೆಯ ನಂತರ ಸಂಚಾರವೇ ಶಂಕೆಗೆ ಗುರಿಯಾಯಿತು. ಹೀಗೆ ಊರಾಚೆ ನೆಲೆನಿಂತ ಬಹುತೇಕರ ಹೆಸರು ಪಹಣಿಗೆ ಏರಲಿಲ್ಲ.

2023ರ ಜನವರಿಯಲ್ಲಿ ಮಳಖೇಡದ ಸಮಾರಂಭದಲ್ಲಿ ಸುಮಾರು 50,000 ಕುಟುಂಬಗಳಿಗೆ ಹಕ್ಕುಪತ್ರ ಹಂಚಿದ್ದು ತಡವಾದರೂ ದೊಡ್ಡ ಹೆಜ್ಜೆಯೇ. ಇನ್ನೇನು ಗುಳೆ ನಿಲ್ಲಬೇಕಲ್ಲ ಎಂದರೆ, ಆ ಪತ್ರ ಕೊಡುವುದು ಮನೆಯಡಿಯ ನೆಲವನ್ನಷ್ಟೇ. ಕೂಲಿಗಾಗಿ ಕಬ್ಬಿನ ಗದ್ದೆ, ಕಾಫಿ ತೋಟಗಳಿಗೆ ಹೋಗುವುದು ತಪ್ಪಿಲ್ಲ.